ಟೈರು ಹೊಸದು, ಕೀಲು?

ನಾನು ಓದಿದ್ದು ಬಿಇ, ಅದರಲ್ಲೂ ಮೆಕ್ಯಾನಿಕಲ್. ಹೊಟ್ಟೆಪಾಡಿಗೆ ಮಾಡ್ತಿರೋದು ಸಾಫ್ಟ್‌ವೇರು. ಇದನ್ನ ಕೇಳಿ ಈಗ ಯಾರೂ ಆಶ್ಚರ್ಯ ಪಡಲ್ಲ ಬಿಡಿ, ನಮ್ಮ ಬ್ಯಾಚಿನಲ್ಲಿ ಸ್ಪ್ಯಾನರ್ ಹಿಡಿದು ಬದುಕ್ತಿರೋರು ನಾಲ್ಕೈದು ಜನ ಇದ್ದರೆ ಹೆಚ್ಚು. ಮೆಷಿನ್ ಡಿಸೈನ್ ಪೇಪರಿನಲ್ಲಿ ಬೇರಿಂಗಿನ ಆಯಸ್ಸು ಲೆಕ್ಕ ಹಾಕೋ ಪ್ರಶ್ನೆ ಬರ್ತಿತ್ತು. ಡೇಟಾ ಹ್ಯಾಂಡ್‌ಬುಕ್ ಬಿಡಿಸಿಕೊಂಡು, ಇಷ್ಟು ಭಾರಕ್ಕೆ ಇಷ್ಟು ಮಿಲಿಯನ್ ಸುತ್ತು ಅಂತ ಬರೆದು ಮಾರ್ಕ್ಸ್ ಹೊಡೆದಿದ್ದೀನಿ. ಆದರೆ ಗಾಲಿಯ ಬೇರಿಂಗ್ ಅನ್ನೋದನ್ನ ಗ್ರೀಸು ಸಮೇತ ಕೈಯಲ್ಲಿ ಹಿಡಿದು ನೋಡಿದ್ದು ಮೂವತ್ತೈದನೇ ವಯಸ್ಸಲ್ಲಿ, ಅಮೆರಿಕದ ಹೆದ್ದಾರಿ ಪಕ್ಕದಲ್ಲಿ. ಅದೂ ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟ ನಮ್ಮಪ್ಪನ ದೆಸೆಯಿಂದ.

2019ರ ಏಪ್ರಿಲ್‌ನಲ್ಲಿ ಅಪ್ಪ ಅಮ್ಮ ನಮ್ಮನೆಗೆ ಬಂದರು. ನಾವಿರೋದು ನಾರ್ತ್ ಕೆರೊಲಿನಾದ ಕ್ಯಾರಿ ಅನ್ನೋ ಊರಲ್ಲಿ. ಅಮ್ಮ ಹೇಗೋ ಮೊಮ್ಮಗಳ ಜೊತೆ ಹೊಂದಿಕೊಂಡಳು. ಅಪ್ಪನ ಕಷ್ಟ ಮಾತ್ರ ನೋಡೋಕಾಗ್ತಿರಲಿಲ್ಲ. ಅರಸೀಕೆರೆ ಕಡೆ ಹಳ್ಳಿಯ ಮನುಷ್ಯ, ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ತೋಟ ಸುತ್ತಿ ಬಂದೇ ಕಾಫಿ ಕುಡಿಯೋನು. ಇಲ್ಲಿ ನಾಲ್ಕೂವರೆಗೆ ಎದ್ದು ಸೋಫಾ ಮೇಲೆ ಕೂತಿರ್ತಿದ್ದ, ಲೈಟು ಕೂಡ ಹಾಕ್ದೆ. ಮೂರು ವಾರ ಕಳೆದ ಮೇಲೆ ಒಂದಿನ ಮೆಲ್ಲಗೆ ಅಂದ: "ನಂದೊಂದು ಟಿಕೀಟು ಹಿಂದುಕ್ ಹಾಕ್ಸಿಬಿಡಪ್ಪ. ಅವಳು ಇರ್ಲಿ. ಇಲ್ಲಿ ನನಗೇನು ಕೆಲ್ಸ?"

ಆ ಮಾತು ನನಗೆ ಚುಚ್ಚಿತು. ಯಾಕಂದ್ರೆ ಅಪ್ಪನ್ನ ಸುತ್ತಾಡಿಸಬೇಕು ಅಂತಲೇ ನಾನು ಫೆಬ್ರವರಿಯಲ್ಲಿ ಒಂದು ಟ್ರಾವೆಲ್ ಟ್ರೇಲರ್ ಕೊಂಡಿದ್ದೆ. ಹೋಟೆಲ್ ಊಟ ಅವನಿಗೆ ಆಗಲ್ಲ, ಅಮ್ಮನಿಗೆ ಮುದ್ದೆ ಮಾಡೋಕೆ ಒಲೆ ಬೇಕು. ನಿಮಗೆ ಗೊತ್ತಿಲ್ದಿದ್ರೆ ಹೇಳ್ತೀನಿ, ಇಲ್ಲಿ ಆರ್‌ವಿ ಅಂತಾರೆ, ಮನೆಯನ್ನೇ ಗಾಡಿ ಮಾಡ್ಕೊಂಡು ತಿರುಗೋದು. ಕೆಲವಕ್ಕೆ ಅದರದ್ದೇ ಎಂಜಿನ್ ಇರುತ್ತೆ, ಬಸ್ಸಿನ ಥರ. ಕೆಲವನ್ನ ಕಾರಿನ ಹಿಂದೆ ಕಟ್ಕೊಂಡು ಎಳೀಬೇಕು. ನಂದು ಎರಡನೇ ಜಾತಿ. ಹದಿನೇಳು ಅಡಿ ಉದ್ದ, ಒಂದೇ ಅಚ್ಚು, ಎರಡೇ ಗಾಲಿ, 2012ರ ಮಾಡೆಲ್ಲು, ಸಾಮಾನು ತುಂಬಿದ್ರೆ ಸುಮಾರು ಒಂದೂವರೆ ಟನ್ನು. ಒಳಗೆ ಎರಡು ಹಾಸಿಗೆ, ಗ್ಯಾಸ್ ಒಲೆ, ಫ್ರಿಜ್ಜು, ಸಿಂಕು, ಒಂದು ಕಕ್ಕಸು. ಮಾರಿದವರು "ಎಲ್ಲಾ ಸರಿಯಿದೆ, ಹೋದ ವರ್ಷ ಎಲ್ಲಾ ಮಾಡ್ಸಿದ್ದೀವಿ" ಅಂದರು. "ಎಲ್ಲಾ" ಅಂದ್ರೆ ಏನೇನು ಅಂತ ನಾನು ಕೇಳಲಿಲ್ಲ. ಕೇಳೋಕೆ ಮೊದಲು ಏನೇನಿರುತ್ತೆ ಅಂತ ಗೊತ್ತಿರಬೇಕಲ್ಲ!

ಅಪ್ಪನ್ನ ಕರ್ಕೊಂಡು ಹೋಗಿ ತೋರಿಸಿದೆ. ಅವನು ಒಳಗೆ ಹೋಗಲೇ ಇಲ್ಲ. ಮುಂದಗಡೆ ಚಾಚಿಕೊಂಡಿರೋ ಕಬ್ಬಿಣದ ಭಾಗ ನೋಡಿ "ಮೂಕಿ" ಅಂದ. ಕಾರಿಗೆ ಸಿಕ್ಕಿಸೋ ಕೊಂಡಿ ನೋಡಿ "ನೊಗ ಕಟ್ಟೋ ಜಾಗ" ಅಂದ. ಬಗ್ಗಿ ಅಡಿ ನೋಡಿ "ಅಚ್ಚು" ಅಂದ. ಆಮೇಲೆ ಎದ್ದು ಕೈ ಒರೆಸಿಕೊಂಡು, "ಎತ್ತಿನ ಗಾಡಿನೇ ಕಣಪ್ಪ ಇದು. ಎತ್ತಿನ ಬದ್ಲು ನಿನ್ನ ಕಾರು" ಅಂದ. ಮೂರು ವಾರದಲ್ಲಿ ಮೊದಲನೇ ಸಲ ಅವನ ಮುಖದಲ್ಲಿ ನಗು ನೋಡಿದ್ದು. ಟಿಕೆಟ್ಟಿನ ಮಾತು ಅಲ್ಲಿಗೆ ನಿಂತಿತು.

ಮೊದಲ ಟ್ರಿಪ್ಪು ಮನೆಯಿಂದ ಮುಕ್ಕಾಲು ಗಂಟೆ ದೂರದ ಜೋರ್ಡಾನ್ ಲೇಕ್‌ಗೆ. ಅಡುಗೆಮನೆ ಟ್ರೇಲರಿನ ಹಿಂಭಾಗದಲ್ಲಿತ್ತಾದ್ದರಿಂದ ಅಮ್ಮ ರಾಗಿಹಿಟ್ಟು, ಅಕ್ಕಿ, ಕುಕ್ಕರು, ನೀರಿನ ಕ್ಯಾನು ಎಲ್ಲಾ ಹಿಂದಕ್ಕೇ ಪೇರಿಸಿದ್ದಳು. ಹೆದ್ದಾರಿಗೆ ಬಂದು ಐವತ್ತೈದು ಮೈಲಿ ವೇಗ ಮುಟ್ಟಿದ್ದೇ ತಡ, ಹಿಂದೆ ಟ್ರೇಲರು ನಾಯಿ ಬಾಲ ಅಲ್ಲಾಡಿಸಿದ ಹಾಗೆ ಆಡೋಕೆ ಶುರುವಾಯ್ತು. ಸ್ಟಿಯರಿಂಗ್ ಕೈಯಲ್ಲೇ ಇದ್ರೂ ಗಾಡಿ ನನ್ನ ಮಾತು ಕೇಳ್ತಿಲ್ಲ. ಬ್ರೇಕ್ ಒತ್ತದೆ ಆಕ್ಸಿಲರೇಟರಿಂದ ಕಾಲು ತೆಗೆದು ನಿಧಾನ ಮಾಡಿದ್ದರಿಂದ ಬಚಾವು. ಅಪ್ಪ ಹಿಂದಿನ ಸೀಟಿನಿಂದ ಅಂದ: "ಹಿಂಭಾರ ಆಗೈತೆ. ಮುಂದುಕ್ ಜರುಗ್ಸು."

ನಿಲ್ಲಿಸಿ ಜರುಗಿಸಿದ್ವಿ. ಅಲ್ಲಾಟ ನಿಂತಿತು. ರಾತ್ರಿ ಓದಿ ನೋಡಿದ್ರೆ ಇಲ್ಲಿನವರು ಹೇಳೋದೂ ಅದನ್ನೇ: ಟ್ರೇಲರಿನ ಒಟ್ಟು ಭಾರದಲ್ಲಿ ನೂರಕ್ಕೆ 10ರಿಂದ 15 ಪಾಲು ಮುಂದಿನ ಕೊಂಡಿಯ ಮೇಲೆ ಕೂರಬೇಕು, ಕಮ್ಮಿಯಾದ್ರೆ ಬಾಲ ಅಲ್ಲಾಡುತ್ತೆ. ಗಾಡಿಗೆ ಗೊಬ್ಬರ ಹೇರೋವಾಗ ಹಿಂಭಾರ ಆದ್ರೆ ನೊಗ ಮೇಲೆದ್ದು ಎತ್ತಿನ ಕುತ್ತಿಗೆಯ ಕಣ್ಣಿ ಬಿಗಿಯುತ್ತೆ ಅಂತ ಅಪ್ಪ ನನಗೆ ಹತ್ತು ವರ್ಷದವನಿದ್ದಾಗಲೇ ಹೇಳಿದ್ದ. ನಾನೇ ಮರೆತಿದ್ದೆ.

ಅದೇ ಕೆರೆಯ ದಡದಲ್ಲಿ ಪಕ್ಕದ ಸೈಟಿನವರೊಬ್ಬರು, ಎಪ್ಪತ್ತು ದಾಟಿದ ಬಿಳಿ ಅಜ್ಜ, ಕಾಫಿ ಕಪ್ಪು ಹಿಡ್ಕೊಂಡು ಬಂದು ನನ್ನ ಟೈರು ನೋಡಿದರು. ರಬ್ಬರಿನ ಹಲ್ಲು ಹೊಸದರ ಹಾಗೇ ಇತ್ತು. ಅವರು ಹಲ್ಲು ನೋಡಲಿಲ್ಲ, ಪಕ್ಕದ ಗೋಡೆ ಮೇಲೆ ಡಿಒಟಿ ಅಂತ ಅಚ್ಚು ಹಾಕಿರೋ ಕಡೆ ಕೊನೆಯ ನಾಲ್ಕು ಅಂಕಿ ಓದಿಸಿದರು. 3311. ಅಂದ್ರೆ 2011ರ 33ನೇ ವಾರದಲ್ಲಿ ತಯಾರಾದ ಟೈರು. ಟ್ರೇಲರಿನ ಟೈರು ಸವೆದು ಸಾಯೋದಕ್ಕಿಂತ ವಯಸ್ಸಾಗಿ ಸಾಯೋದೇ ಹೆಚ್ಚು, ನಿಂತಲ್ಲೇ ನಿಂತು ಬಿಸಿಲು ಕುಡಿದು ಒಳಗೊಳಗೇ ಬಿರುಕು ಬಿಡುತ್ತೆ, ಐದಾರು ವರ್ಷಕ್ಕೆ ಬದಲಾಯಿಸಿಬಿಡು ಅಂದರು. ನೀವು ಹಳೇ ಆರ್‌ವಿ ಕೊಳ್ಳೋಕೆ ಹೋದ್ರೆ ಮೊದಲು ಬಗ್ಗಿ ಈ ನಾಲ್ಕು ಅಂಕಿ ಓದಿ. ಇದಕ್ಕೆ ಯಾವ ವಿದ್ಯೆಯೂ ಬೇಡ, ಕನ್ನಡಕ ಇದ್ರೆ ಸಾಕು. ಗಾಳಿ ಎಷ್ಟು ಅಂತ ನೋಡೋದು ಬೆಳಗ್ಗೆ ಹೊರಡೋ ಮುಂಚೆ, ಟೈರು ತಣ್ಣಗಿರುವಾಗ. ಓಡಿ ಬಿಸಿಯಾದ ಮೇಲೆ ನೋಡಿದ್ರೆ ಗೇಜು ಸುಳ್ಳು ಹೇಳುತ್ತೆ.

ಅವತ್ತು ಸಂಜೆ ಅಪ್ಪನಿಗೆ ಇನ್ನೊಂದು ಆಘಾತ ಕಾದಿತ್ತು. ಕಕ್ಕಸಿನ ಟ್ಯಾಂಕು. "ನಮ್ಮ ಹೇಲು ನಾವೇ ಹೊತ್ಕೊಂಡು ಊರೂರು ಸುತ್ತೋದಾ? ಇದೇನ್ ಕರ್ಮವಪ್ಪ!" ಅಂತ ದೂರ ಹೋಗಿ ನಿಂತ. ನಾನೂ ಮೂಗು ಮುಚ್ಚಿಕೊಂಡೇ ಕಲಿತೆ. ಕ್ಯಾಂಪಿನಲ್ಲಿ ಪೈಪು ಜೋಡಿಸಿದ್ದೀವಲ್ಲ ಅಂತ ವಾಲ್ವು ತೆರೆದಿಟ್ಟುಬಿಟ್ರೆ ನೀರೆಲ್ಲಾ ಹರಿದುಹೋಗಿ ಗಟ್ಟಿ ಮಾತ್ರ ಒಳಗೇ ಗುಡ್ಡೆಯಾಗುತ್ತೆ. ಆಮೇಲೆ ಅದನ್ನ ಕರಗಿಸೋಕೆ ಆ ದೇವರೇ ಬರಬೇಕು. ವಾಲ್ವು ಮುಚ್ಚಿರಬೇಕು, ನೀರು ಧಾರಾಳವಾಗಿ ಸುರೀಬೇಕು, ಮುಕ್ಕಾಲು ಭಾಗ ತುಂಬುತ್ತಾ ಬಂದಾಗ ಒಂದೇ ಸಲ ಬಿಡಬೇಕು. ಮೊದಲು ಕಕ್ಕಸಿನ ಟ್ಯಾಂಕು, ಆಮೇಲೆ ಪಾತ್ರೆ ತೊಳೆದ ನೀರಿನ ಟ್ಯಾಂಕು. ಆ ಸೋಪಿನ ನೀರೇ ಪೈಪನ್ನ ತೊಳೆದು ಕೊಡುತ್ತೆ. ಕೈಗೆ ಗ್ಲೌಸು. ಕುಡಿಯೋ ನೀರಿನ ಪೈಪು ಬೇರೆ, ಇದರ ಹತ್ತಿರಕ್ಕೂ ಸುಳೀಬಾರದು. ಇದಿಷ್ಟೇ ಶಾಸ್ತ್ರ.

ಮನೆಗೆ ಬಂದ ಮೇಲೆ ಅಪ್ಪನಿಗೆ ಕೆಲಸ ಸಿಕ್ಕಿತು. ಕೊಬ್ಬರಿ ಕಾಯಿ ಬಡಿದು ಸದ್ದು ಕೇಳೋ ಹಾಗೆ ಬೆರಳ ಗೆಣ್ಣಿನಿಂದ ಟ್ರೇಲರಿನ ಗೋಡೆ ಬಡೀತಾ ಸುತ್ತ ಬಂದ. ಹಿಂದಿನ ಬಲಮೂಲೆಯಲ್ಲಿ ನಿಂತು "ಇಲ್ಲಿ ಟೊಳ್ಳು" ಅಂದ. ಒಳಗೆ ಹಾಸಿಗೆ ಎತ್ತಿ ನೋಡಿದ್ರೆ ನೆಲದ ಪ್ಲೈವುಡ್ಡು ಒಂದಂಗೈ ಅಗಲ ಮೆತ್ತಗಾಗಿದೆ. ಆರ್‌ವಿಯನ್ನ ಕೊಲ್ಲೋದು ಎಂಜಿನ್ನೂ ಅಲ್ಲ, ಬ್ರೇಕೂ ಅಲ್ಲ, ನೀರು. ಚಾವಣಿಯ ಮೇಲೆ ಗಾಳಿಕಿಂಡಿ, ಪೈಪು, ಏಸಿ ಅಂತ ಎಲ್ಲೆಲ್ಲಿ ತೂತು ಕೊರೆದಿದ್ದಾರೋ ಅಲ್ಲೆಲ್ಲ ಸೀಲೆಂಟ್ ಬಳಿದಿರ್ತಾರೆ. ಬಿಸಿಲಿಗೆ ಅದು ಒಣಗಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಸಾಕು, ಹನಿ ಹನಿ ಇಳಿದು ಗೋಡೆಯೊಳಗಿನ ಮರ ಕೊಳೆಯುತ್ತೆ. ಹೊರಗೆ ನೋಡೋಕೆ ಏನೂ ಗೊತ್ತಾಗಲ್ಲ. ಗೊತ್ತಾಗೋ ಹೊತ್ತಿಗೆ ಸಾವಿರಾರು ಡಾಲರಿನ ಕೆಲಸ.

ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸ್ತೀವಲ್ಲ, ಇದಕ್ಕೆ ಯಾರೂ ಕೈಯಾಡಿಸ್ಲಿಲ್ವಾ?" ಏಣಿ ಇಟ್ಟು ನಾನು ಹತ್ತಿದೆ, ಅವನು ಕೆಳಗೆ ಏಣಿ ಹಿಡಿದ. ಹಳೇ ಸೀಲೆಂಟಿನ ಸುತ್ತ ಬಟ್ಟೆಯಲ್ಲಿ ಒರೆಸಿ, ಎದ್ದು ಬಂದಿದ್ದನ್ನ ಪ್ಲಾಸ್ಟಿಕ್ ಚಾಕುವಿನಲ್ಲಿ ಕೆರೆದು, ತಾನಾಗಿ ಹರಡಿ ಮಟ್ಟವಾಗೋ ಸೀಲೆಂಟನ್ನ ಗನ್ನಿನಲ್ಲಿ ಹಿಂಡಿದೆ. ಹೋಳಿಗೆ ಮೇಲೆ ತುಪ್ಪ ಬಿಟ್ಟ ಹಾಗೆ ಅದೇ ಹರಡಿಕೊಳ್ಳುತ್ತೆ. ಆದರೆ ರಬ್ಬರ್ ಚಾವಣಿಗೆ ಆಗಿಬರೋ ಸೀಲೆಂಟೇ ಬೇಕು, ಬಚ್ಚಲುಮನೆಗೆ ಬಳಿಯೋ ಸಿಲಿಕೋನ್ ಅಲ್ಲ. ಅವತ್ತಿಂದ ಮೂರು ತಿಂಗಳಿಗೊಮ್ಮೆ ಏಣಿ ಹತ್ತೋದು ನನ್ನ ಕ್ಯಾಲೆಂಡರಿನಲ್ಲಿದೆ. ಹೆಸರು "ಕೈಯಾಡಿಸುವುದು" ಅಂತಲೇ ಹಾಕಿದ್ದೀನಿ.

ಟೈರಂತೂ ಎರಡೂ ಹೊಸದು ಹಾಕಿಸಿದೆ. ಹೊಸದಾಗಿ ಹಾಕಿದ ಗಾಲಿಯ ನಟ್ಟು ಒಂದಷ್ಟು ಓಡಿದ ಮೇಲೆ ಸಡಿಲ ಆಗಬಹುದು ಅಂತ ಓದಿ, ಟಾರ್ಕ್ ರೆಂಚ್ ತಂದು, 10, 25, 50 ಮೈಲಿಗೆ ನಿಲ್ಲಿಸಿ ಬಿಗಿ ಕೂಡ ನೋಡಿದೆ. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಿದೆ. ಗ್ಯಾಸಿನ ಜಾಯಿಂಟುಗಳಿಗೆ ಸೋಪಿನ ನೀರು ಬಳಿದು ಗುಳ್ಳೆ ಬರುತ್ತಾ ನೋಡಿದೆ. ಒಲೆ ಹಿಂದಿನ ಕಿಂಡಿಯಲ್ಲಿ ಕುಂಬಾರ ಹುಳ ಕಟ್ಟಿದ್ದ ಮಣ್ಣಿನ ಗೂಡು ಕೆಡವಿದೆ. ನೆಲದ ಹತ್ತಿರ ಇರೋ ಗ್ಯಾಸ್ ಸೋರಿಕೆ ಅಲಾರಂ ಏಳು ವರ್ಷ ಹಳೇದು, ಅದರ ಆಯಸ್ಸು ಮುಗಿದಿತ್ತು, ಬದಲಾಯಿಸಿದೆ. ಪ್ರೊಪೇನ್ ಗಾಳಿಗಿಂತ ಭಾರ, ಸೋರಿದ್ರೆ ನೆಲದಲ್ಲೇ ಕೂರುತ್ತೆ, ಅದಕ್ಕೇ ಆ ಅಲಾರಂ ಅಷ್ಟು ಕೆಳಗೆ. ಇಷ್ಟೆಲ್ಲಾ ಮಾಡಿ ಮುಗಿಸಿದಾಗ ನನ್ನ ಬಿಇ ಸಾರ್ಥಕ ಆಯ್ತು ಅನ್ನಿಸಿತ್ತು. ಜೂನ್ ಕೊನೆಗೆ ಸ್ಮೋಕಿ ಬೆಟ್ಟದ ಕಡೆ ಹೊರಟ್ವಿ. ನಾನು, ಹೆಂಡತಿ, ಐದು ವರ್ಷದ ಮಗಳು, ಅಪ್ಪ, ಅಮ್ಮ. ಆಶ್‌ವಿಲ್ ತನಕವೇ ಸುಮಾರು 250 ಮೈಲಿ.

ಹೊರಡೋ ಬೆಳಗ್ಗೆ ಅಪ್ಪ ಗಾಲಿ ಪಕ್ಕ ಕುಕ್ಕರುಗಾಲಲ್ಲಿ ಕೂತು ಕೇಳಿದ: "ಕೀಲೆಣ್ಣೆ ಹಾಕಿದ್ಯೇನಪ್ಪ?"

"ಹೊಸ ಟೈರು ಹಾಕ್ಸಿದ್ದೀನಿ ಅಪ್ಪ."

"ಟೈರು ಹೊಸದು. ಕೀಲು?"

"ಇದಕ್ಕೆಲ್ಲ ಕೀಲೆಣ್ಣೆ ಬೇಡ ಅಪ್ಪ, ಬೇರಿಂಗ್ ಇರುತ್ತೆ," ಅಂದೆ. ಆ ಧ್ವನಿ ನನಗೆ ಇನ್ನೂ ನೆನಪಿದೆ. ಮೀಟಿಂಗಿನಲ್ಲಿ ಜೂನಿಯರ್‌ಗಳಿಗೆ ಉತ್ತರ ಕೊಡೋ ಧ್ವನಿ. ಅಪ್ಪ ಮತ್ತೆ ಮಾತಾಡಲಿಲ್ಲ.

ಇಂಟರ್‌ಸ್ಟೇಟ್ 40ರಲ್ಲಿ ಸ್ಟೇಟ್ಸ್‌ವಿಲ್ ದಾಟಿ ಒಂದಷ್ಟು ದೂರ ಹೋದ ಮೇಲೆ ಮಗಳಿಗೆ ಸೂಸು ಅಂತ ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿದೆ. ಎಲ್ಲರೂ ಒಳಗೆ ಹೋದರು. ಅಪ್ಪ ಮಾತ್ರ ನೇರ ಟ್ರೇಲರಿನ ಹತ್ತಿರ ಹೋಗಿ ಬಲಗಾಲಿಯ ನಡುವೆ ಅಂಗೈ ಇಟ್ಟ. ಸುತ್ತಿ ಬಂದು ಎಡಗಾಲಿಗೆ ಇಟ್ಟ. ಇಟ್ಟವನೇ ಕೈ ಕಿತ್ತುಕೊಂಡ.

"ಬಾ ಇಲ್ಲಿ. ಇದು ಸುಡ್ತೈತೆ."

ಬಲಗಾಲಿಯ ಗುಂಭ ಬೆಚ್ಚಗಿತ್ತು, ಕಾಸಿದ ಹಾಲಿನ ಲೋಟ ಹಿಡಿದ ಹಾಗೆ. ಎಡದ್ದರ ಮೇಲೆ ಬೆರಳು ಕೂಡ ಇಡೋಕಾಗ್ತಿರಲಿಲ್ಲ. ಹತ್ತಿರ ಮೂಗು ಇಟ್ರೆ ಸುಟ್ಟ ಎಣ್ಣೆ ವಾಸನೆ. ಓಡಿದ ಗಾಲಿ ಬೆಚ್ಚಗಾಗೋದು ಸಹಜ. ಆದರೆ ಒಂದು ಇನ್ನೊಂದಕ್ಕಿಂತ ಇಷ್ಟು ಬಿಸಿ ಇದೆ ಅಂದ್ರೆ ಒಂದೋ ಬ್ರೇಕು ಕಚ್ಚಿಕೊಂಡಿದೆ, ಇಲ್ಲಾ ಬೇರಿಂಗ್ ಸಾಯ್ತಿದೆ. ಇದು ಆಮೇಲೆ ಕಲಿತಿದ್ದು. ಅವತ್ತು ಅನ್ನಿಸಿದ್ದು ಒಂದೇ: ಮುಂದೆ ಓಲ್ಡ್ ಫೋರ್ಟ್ ದಾಟಿದ ಮೇಲೆ ರಸ್ತೆ ಕಡಿದಾಗಿ ಬೆಟ್ಟ ಹತ್ತುತ್ತೆ, ಲಾರಿಗಳೆಲ್ಲ ಏದುಸಿರು ಬಿಡೋ ಜಾಗ. ಅಲ್ಲಿ ಗಾಲಿ ಕಳಚಿದ್ದರೆ? ನಮ್ಮದು ಹೋಗ್ಲಿ, ಹಿಂದೆ ಬರೋ ಕಾರಿಗೆ ಹೊಡೆದಿದ್ದರೆ?

ಫೋನ್ ಮಾಡಿದ ಎರಡು ಗಂಟೆಗೆ ಮೊಬೈಲ್ ಮೆಕ್ಯಾನಿಕ್ ತನ್ನ ವ್ಯಾನಿನಲ್ಲಿ ಬಂದ. ಗಾಡಿ ಎತ್ತಿ, ಚಕ್ರ ಬಿಚ್ಚಿ, ನಡುವಿನ ಮುಚ್ಚಳ ತೆಗೆದ. ಒಳಗೊಂದು ದೊಡ್ಡ ನಟ್ಟು, ಅದು ಕಳಚದ ಹಾಗೆ ಅಡ್ಡಲಾಗಿ ಒಂದು ಪಿನ್ನು. ಅಪ್ಪ ನನ್ನ ಭುಜದ ಮೇಲಿಂದ ಬಗ್ಗಿ "ಕಡಾಣಿ!" ಅಂತ ಕೂಗೇಬಿಟ್ಟ, ಊರಿನ ನೆಂಟ ಸಿಕ್ಕಿದ ಹಾಗೆ. ಬೇರಿಂಗ್ ಹೊರಗೆ ಬಂತು. ಗ್ರೀಸು ಒಣಗಿ ಕರ‍್ರಗೆ ಡಾಂಬರಿನ ಥರ ಕಟ್ಟಿತ್ತು, ಉರುಳೆಗಳು ಕಾದು ನೀಲಿ ತಿರುಗಿದ್ದವು. "ಎಷ್ಟು ವರ್ಷದಿಂದ ಇದನ್ನ ಯಾರೂ ಮುಟ್ಟಿಲ್ಲ?" ಅಂತ ಮೆಕ್ಯಾನಿಕ್ ಕೇಳಿದ. ವರ್ಷಕ್ಕೊಂದು ಸಲ, ಇಲ್ಲಾ ಹತ್ತು ಹನ್ನೆರಡು ಸಾವಿರ ಮೈಲಿಗೊಂದು ಸಲ ಬಿಚ್ಚಿ, ತೊಳೆದು, ಹೊಸ ಗ್ರೀಸು ತುಂಬಬೇಕಂತೆ. ನನ್ನ ಹತ್ರ ಉತ್ತರ ಇರಲಿಲ್ಲ. ಟೈರಿನ ಅಂಗಡಿಯವರು ಟೈರು ಹಾಕಿದ್ದರು. ಅವರಿಗೆ ಕೀಲು ನೋಡಿ ಅಂತ ನಾನು ಹೇಳಿರಲೇ ಇಲ್ಲ.

ಎಡಗಡೆಗೆ ಹೊಸ ಬೇರಿಂಗು, ಹೊಸ ಸೀಲು. ಗ್ರೀಸು ತುಂಬೋದನ್ನ ಅವನು ತೋರಿಸಿದ: ಅಂಗೈಯಲ್ಲಿ ನಿಂಬೆಹಣ್ಣಿನ ಗಾತ್ರ ಗ್ರೀಸು ಇಟ್ಟು, ಬೇರಿಂಗಿನ ಅಗಲದ ಅಂಚನ್ನ ಅದಕ್ಕೆ ಒತ್ತಿ ಒತ್ತಿ ಎಳೀಬೇಕು, ಉರುಳೆಗಳ ಸಂದಿಯಿಂದ ಇನ್ನೊಂದು ಕಡೆ ಗ್ರೀಸು ಹೊರಗೆ ಬರೋ ತನಕ. ಸುಮ್ನೆ ಮೇಲೆ ಬಳಿದರೆ ಒಳಗೆ ಹೋಗಲ್ಲ. ಅಪ್ಪ ಇದನ್ನ ಒಂದು ಸಲ ನೋಡಿದ. ಬಲಗಡೆಯದ್ದು ಬಿಚ್ಚಿ ತೊಳೆದಾಗ ಮಾತಿಲ್ಲದೆ ಅಂಗೈ ಚಾಚಿದ. ಮೆಕ್ಯಾನಿಕ್ ಒಂದು ಕ್ಷಣ ಅವನ ಮುಖ ನೋಡಿ, ನಕ್ಕು, ಗ್ರೀಸು ಹಾಕಿದ. ಒಬ್ಬನಿಗೆ ಇನ್ನೊಬ್ಬನ ಭಾಷೆ ಬರಲ್ಲ. ಆದರೂ ಇಬ್ಬರೂ ಒಂದೇ ಅಂಗಡಿಯಲ್ಲಿ ಇಪ್ಪತ್ತು ವರ್ಷ ದುಡಿದವರ ಹಾಗೆ ಕೂತಿದ್ದರು. ದುಡ್ಡು ಕೊಡೋಕೆ ಮಾತ್ರ ನಾನು ಬೇಕಾದೆ. ಮುನ್ನೂರ ಚಿಲ್ಲರೆ ಡಾಲರು.

ನಾನು ಚಿಕ್ಕವನಿದ್ದಾಗ ಸಂತೆಗೆ ಹೋಗೋ ಹಿಂದಿನ ದಿನ ನಮ್ಮನೆ ಅಂಗಳದಲ್ಲಿ ಇದೇ ನಡೀತಿತ್ತು. ಅಚ್ಚಿನ ಕೆಳಗೆ ಊರೆ ಕೊಟ್ಟು, ಕಡಾಣಿ ಕಿತ್ತು, ಗಾಲಿ ಸರಿಸಿ, ಹುಲ್ಲು ಸುಟ್ಟ ಕರಿಯನ್ನ ಹರಳೆಣ್ಣೆಯಲ್ಲಿ ಕಲಸಿದ ಕೀಲೆಣ್ಣೆ ಬಳಿಯೋನು. ಗಾಡಿ ಕೆಳಗೆ ಬಿದಿರಿನ ಗೊಟ್ಟದಲ್ಲಿ ಕೀಲೆಣ್ಣೆ ಸದಾ ನೇತಾಡ್ತಿತ್ತು. ನನ್ನ ಕೆಲಸ ಚಿಂದಿ ಬಟ್ಟೆ ತಂದುಕೊಡೋದು. "ನೀನು ಮುಟ್ಟಬೇಡ, ಬಟ್ಟೆ ಮಸಿ ಆಗುತ್ತೆ, ಹೋಗಿ ಓದ್ಕೋ" ಅನ್ನೋನು. ನಾನು ಹೋಗಿ ಓದಿಕೊಂಡೆ. ಎಷ್ಟು ಓದಿಕೊಂಡೆ ಅಂದ್ರೆ, ಮುಟ್ಟೋದನ್ನೇ ಮರೆತೆ. ಅವತ್ತು ಬೆಟ್ಟದ ಕ್ಯಾಂಪಿನಲ್ಲಿ ರಾತ್ರಿ ನಿದ್ದೆ ಬರದೆ ಹೊರಗೆ ಕೂತಿದ್ದೆ. ಅಪ್ಪನೂ ಎದ್ದು ಬಂದ. "ಬೆಳಿಗ್ಗೆ ನೀನು ಕೇಳಿದಾಗ ನಾನು ಹಾಗೆ ಅನ್ನಬಾರದಿತ್ತು" ಅಂದೆ. ಅವನು, "ಹೋಗ್ಲಿ ಬಿಡು. ನಾನು ನಿನಗೆ ಮುಟ್ಟೋಕೆ ಬಿಟ್ಟಿದ್ರಲ್ವಾ?" ಅಂದ. ಅಷ್ಟೇ.

ಅಪ್ಪ ಅಕ್ಟೋಬರ್ ತನಕ ಇದ್ದ. ಟಿಕೆಟ್ ಹಿಂದಕ್ಕೆ ಹಾಕಿಸಲಿಲ್ಲ. ಚಳಿಗಾಲಕ್ಕೆ ಗಾಡಿ ಮುಚ್ಚಿಡೋ ಕೆಲಸವನ್ನ ನವೆಂಬರಿನಲ್ಲಿ ನಾನೊಬ್ಬನೇ ಮಾಡಿದೆ. ಹೀಟರಿನ ನೀರು ಖಾಲಿ ಮಾಡಿ, ಅದನ್ನ ಬೈಪಾಸ್ ಮಾಡಿ, ಪೈಪುಗಳಲ್ಲೆಲ್ಲ ಗುಲಾಬಿ ಬಣ್ಣದ ಆಂಟಿಫ್ರೀಜ್ ಹರಿಸಬೇಕು, ಇಲ್ದಿದ್ರೆ ಒಳಗೆ ಉಳಿದ ನೀರು ಹೆಪ್ಪುಗಟ್ಟಿ ಪೈಪು ಸೀಳುತ್ತೆ. ಒಂದೊಂದೇ ನಲ್ಲಿ ತಿರುಗಿಸಿ ಗುಲಾಬಿ ನೀರು ಬರೋದನ್ನ ವಿಡಿಯೋ ಕಾಲಲ್ಲಿ ತೋರಿಸಿದೆ. "ಕುಂಕುಮದ ನೀರು ಬಂದಂಗೆ ಬರ್ತೈತೆ" ಅಂದ.

ಮೆಕ್ಯಾನಿಕ್ ಕೆಲಸ ಬರಲ್ಲ ಅನ್ನೋರಿಗೆ ನಾನು ಹೇಳೋದು ಇಷ್ಟು. ಬೇರಿಂಗ್ ಬಿಚ್ಚೋದು ನಿಮಗೆ ಬರಬೇಕಾಗಿಲ್ಲ, ಅದಕ್ಕೆ ದುಡ್ಡು ಕೊಟ್ರೆ ಜನ ಸಿಗ್ತಾರೆ. ಆದರೆ ಯಾವಾಗ ಬಿಚ್ಚಿಸಬೇಕು ಅನ್ನೋದು ನಿಮಗೇ ಗೊತ್ತಿರಬೇಕು. ಅದಕ್ಕೆ ಬೇಕಾಗಿರೋದು ಒಂದು ನೋಟ್‌ಬುಕ್ಕು, ಒಂದು ಗಾಳಿ ಗೇಜು, ಒಂದು ಏಣಿ, ಮತ್ತೆ ಬಗ್ಗಿ ನೋಡೋಕೆ ನಾಚಿಕೆ ಇಲ್ಲದಿರೋದು. ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ತಾರೀಕು ಹಾಕಿ ಬರೆದಿರೋದು: ಕೀಲೆಣ್ಣೆ.

ಈಗ ದೂರದಿಂದಲೇ ಶಾಖ ಅಳೆಯೋ ಇನ್‌ಫ್ರಾರೆಡ್ ಗನ್ನು ಕೊಂಡಿದ್ದೀನಿ. ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿದ ಕೂಡಲೇ ಎರಡೂ ಗಾಲಿಗೆ ಗುರಿ ಹಿಡಿದು ಅಂಕಿ ನೋಡ್ತೀನಿ. ಮಗಳು ನೋಟ್‌ಬುಕ್ಕಿನಲ್ಲಿ ಬರೀತಾಳೆ. ಊರಲ್ಲಿ ರಾತ್ರಿ ಆಗಿರದಿದ್ರೆ ಅಪ್ಪನಿಗೆ ಫೋನು ಮಾಡ್ತೀವಿ. ಅವಳು ದೊಡ್ಡದಾಗಿ ಎರಡು ಅಂಕಿ ಓದಿ ಹೇಳ್ತಾಳೆ. ತಾತ ಪೂರ್ತಿ ಕೇಳಿಸಿಕೊಂಡು, "ಅದೆಲ್ಲ ಸರಿ ಪುಟ್ಟಿ, ನಿಮ್ಮಪ್ಪ ಕೈಯಿಟ್ಟು ನೋಡಿದ್ನಾ ಕೇಳು" ಅಂತಾನೆ.

ನಾನು ಇನ್ನೊಂದು ಸಲ ಇಳಿದು ಹೋಗಿ ಕೈಯಿಟ್ಟು ಬರ್ತೀನಿ.